ಶುಕ್ರವಾರ, ಮೀನು

ಸುಪೀರಿಯರ್ ಸರೋವರದ ದಂಡೆಯ ಈ ಊರಲ್ಲಿ
ಬಸ್ಸಿಗಿಂತ ಮೊದಲು ಬರುತ್ತಿತ್ತು ಬಸ್ಸಿನ ವಾಸನೆ.
ಸೋಮವಾರ ಆಲೂಗಡ್ಡೆ,
ಬುಧವಾರ ಈರುಳ್ಳಿ,
ಶುಕ್ರವಾರ ತಪ್ಪದೆ ಮೀನು.
ಹಾಗೇನಿಲ್ಲ ಸಾರ್, ಎಲ್ಲ ಎಣ್ಣೆಯೂ ಬೀಳುವುದು ಒಂದೇ ತೊಟ್ಟಿಗೆ
ಎಂದು ನಾನೆಷ್ಟು ಹೇಳಿದರೂ
ಪ್ರೊಫೆಸರ್ ಟ್ರೆವಾರ್ತಾ ಒಪ್ಪುತ್ತಿರಲಿಲ್ಲ.
ಹುಟ್ಟಿನಿಂದ ಕಣ್ಣಿಲ್ಲ.
ಕಲ್ಲನ್ನು ನಾಲಿಗೆಗೆ ಮುಟ್ಟಿಸಿ
ಅದರ ಹೆಸರು, ವಯಸ್ಸು ಹೇಳುವ ಭೂಗರ್ಭಶಾಸ್ತ್ರಿ.
ನನ್ನ ಮಾತಿಗಿಂತ ತಮ್ಮ ಮೂಗನ್ನು ನಂಬಿದವರು.

ನನ್ನ ಕೆಲಸ ಶುರುವಾಗುವುದು ರಾತ್ರಿ ಒಂಬತ್ತಕ್ಕೆ.
ಮೂರು ಕ್ಯಾಂಟೀನಿನ ಹಿಂಬಾಗಿಲು, ಮೂರು ಪೀಪಾಯಿ,
ಸದಾ ಎಡಕ್ಕೇ ಎಳೆಯುವ ಕೈಗಾಡಿ.
ಬಾಣಲೆಯ ಮುಂದೆ ಬೆವರುವ ಡೆಸ್ಮಂಡ್
ಸೀದ ಚೂರುಗಳ ಜಾಲರಿ ಕೊಡವಿ
"ತಗೋ, ನಿನ್ನ ಪೆಟ್ರೋಲು" ಅನ್ನುತ್ತಿದ್ದ.
ಸೋಸಬೇಕು. ಕಾಯಿಸಬೇಕು. ನೀರಿನ ಪಸೆ ಹೋಗಬೇಕು.
ಕ್ಷಾರ ಬೆರೆಸಿ ಕಾದರೆ ಬೆಳಗಿನ ಜಾವಕ್ಕೆ
ತಳದಲ್ಲಿ ಕಾಕಂಬಿಯಂಥ ಗ್ಲಿಸರಿನ್,
ಮೇಲೆ ಜೇನುಬಣ್ಣದ ಇಂಧನ.
ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡ ಲೋಕಕ್ಕೆ
ಮೂರು ಪೀಪಾಯಿ ಯಾವ ಲೆಕ್ಕ?
ಆದರೂ ಬರೆದಿಡುತ್ತಿದ್ದೆ
ಜಿಡ್ಡು ಹತ್ತಿದ ಪುಸ್ತಕದಲ್ಲಿ, ಲೀಟರು ಲೀಟರು.

ಬಸ್ಸು ಓಡಿಸುವವಳು ಲೆಂಪಿ ಕರ್ವೊನೆನ್.
ಅವಳ ತಾತ ತಾಮ್ರದ ಗಣಿಗಿಳಿದು
ಮೇಲೆ ತಂದದ್ದು ಬರಿಯ ಕೆಮ್ಮು.
"ಭೂಮಿ ಉಳಿಸೋದು ನಿಮ್ಮ ಪಾಡು," ಅನ್ನುವಳು,
"ಎಂಟೂ ಹತ್ತಕ್ಕೆ ಈ ಗುಡ್ಡ ಹತ್ತಿಸೋದು ನನ್ನ ಪಾಡು."

ಜನವರಿ. ಸೊನ್ನೆಗಿಂತ ಇಪ್ಪತ್ತೊಂಬತ್ತು ಕೆಳಗೆ.
ನನ್ನ ಜೇನು ಟ್ಯಾಂಕಿನೊಳಗೆ ಹೆರೆದುಪ್ಪ.
ಅರ್ಧ ಗುಡ್ಡದಲ್ಲಿ ಕೆಮ್ಮಿ, ಬಿಕ್ಕಿ, ನಿಂತಿತು ಬಸ್ಸು.
ಪರೀಕ್ಷೆಗೆ ಹೊರಟ ಇಪ್ಪತ್ತಮೂರು ಮಂದಿ,
ತೊಡೆಯ ಮೇಲೆ ಹಸಿರು ಭಿತ್ತಿಪತ್ರಗಳ ಕಟ್ಟಿಟ್ಟುಕೊಂಡ
ಪರಿಸರ ವಿಭಾಗದ ಮುಖ್ಯಸ್ಥರು
ಎಲ್ಲ ಇಳಿದು ನಡೆದರು, ನನ್ನ ಕಡೆ ನೋಡದೆ.
ಲೆಂಪಿ ಮಾತ್ರ ಫಿಲ್ಟರು ಬಿಚ್ಚಿ
ಕೋಟಿನೊಳಗೆ, ಹೊಟ್ಟೆಗೊತ್ತಿಕೊಂಡು
ಮೊಟ್ಟೆಯ ಮೇಲಿನ ಹೇಂಟೆಯಂತೆ ಕೂತಳು
ಮುಕ್ಕಾಲು ಗಂಟೆ.
ಬೈಯಲಿಲ್ಲ. ಅದೇ ಕಷ್ಟವಾಯಿತು.

ಈ ಆಗಸ್ಟಿಗೆ ಕರೆಂಟಿನ ಬಸ್ಸು ಬಂತು.
ಬಿಳಿ ಮೈ, ಪಕ್ಕಕ್ಕೆ ಬರೆದ ಒಂದು ಎಲೆ,
ರಿಬ್ಬನ್ನು, ಕತ್ತರಿ, ಸಕ್ಕರೆ ಹೆಚ್ಚಾದ ನಿಂಬೆ ಪಾನಕ.
ಕರೆಂಟು ಎಲ್ಲಿಂದ ಎಂದು ಕೇಳಿದೆ.
ಅರ್ಧ ಗಾಳಿಯಿಂದ, ಎಂದರು.
ಇನ್ನರ್ಧ ಹೇಳುವಷ್ಟರಲ್ಲಿ ಚಪ್ಪಾಳೆ ಬಿತ್ತು.
ಒಳ್ಳೆಯದೇ. ಸುಳ್ಳೇಕೆ ಹೇಳಲಿ,
ಹೊಗೆಯ ಅಂಕಿಅಂಶ ಕೂಡಿಸಿ ಕೊಟ್ಟವಳು ನಾನೇ.
ಚಳಿಗೆ ಹೆಪ್ಪುಗಟ್ಟಲು ಅದರಲ್ಲಿ ಏನೂ ಇಲ್ಲ.
ನನ್ನ ಎಣ್ಣೆಯನ್ನೀಗ ಯಾವುದೋ ಊರಿನ ಟ್ಯಾಂಕರು
ವಾರಕ್ಕೊಮ್ಮೆ ಬಂದು ಹೀರಿಕೊಂಡು ಹೋಗುತ್ತದೆ.

ನವೆಂಬರಿನ ಒಂದು ಸಂಜೆ, ಮೊದಲ ಹಿಮ.
ಗ್ರಂಥಾಲಯದ ಮುಂದಿನ ತಂಗುದಾಣದಲ್ಲಿ
ಟ್ರೆವಾರ್ತಾ, ಕೋಲಿನ ಮೇಲೆ ಎರಡೂ ಕೈ,
ಗಾಳಿಗೆ ಮೂಗೆತ್ತಿ ನಿಂತಿದ್ದರು.
ಲೆಂಪಿಗೆ ಅವತ್ತು ರಜೆ.
ಹೊಸ ಚಾಲಕನ ಬಸ್ಸು ಬಂತು, ಬಾಗಿಲು ತೆರೆಯಿತು, ಮುಚ್ಚಿತು.
ಕಾನೂನಿನಂತೆ ಅದಕ್ಕೊಂದು ಗುಂಯ್‌ಗಾನ ಉಂಟಂತೆ,
ಸರೋವರದ ಗಾಳಿ ಅದನ್ನು ತಿಂದುಬಿಡುತ್ತದೆ.
ನಾನು ಕೈಗಾಡಿ ಬಿಟ್ಟು ಓಡಿ ಹೋಗುವಷ್ಟರಲ್ಲಿ
ಅವರ ಟೋಪಿಯ ಮೇಲೆ ಎರಡಂಗುಲ ಬಿಳುಪು.
"ಎಷ್ಟು ಹೊತ್ತಾಯಿತು ಸಾರ್?"
ಅದಕ್ಕೆ ಉತ್ತರವಿಲ್ಲ.
"ಇವತ್ತು ಶುಕ್ರವಾರ ತಾನೇ?" ಎಂದರು.

ಲೆಂಪಿಗೆ ಹೇಳಿದೆ. ಕೇಳಿಸಿಕೊಂಡಳು,
ಕೈಗವಸು ಕೊಡವಿ ಹೋದಳು.
ಮುಂದಿನ ವಾರ ನೋಡಿದರೆ
ಸ್ಟೀರಿಂಗಿನ ಮುಂದೆ, ಬಿಸಿಗಾಳಿಯ ಕಿಂಡಿಯ ಮೇಲೆ
ಡೆಸ್ಮಂಡನ ಕಾಗದದ ಪೊಟ್ಟಣ, ಜಿಡ್ಡಿಗೆ ಪಾರದರ್ಶಕ.
ಅದರ ನೆತ್ತಿಯ ಮೇಲೆಯೇ ಫಲಕ:
ಬಸ್ಸಿನಲ್ಲಿ ತಿಂಡಿ ತರುವಂತಿಲ್ಲ.
ಬಾಗಿಲು ತೆರೆದು ತುಸು ಹೆಚ್ಚೇ ಹೊತ್ತು ನಿಲ್ಲಿಸಿದಳು.
ಟ್ರೆವಾರ್ತಾ ಮೆಟ್ಟಿಲು ತಡವಿ, ಹತ್ತಿ,
ನೀಡಿದ ತುಂಡು ಬಾಯಿಗಿಟ್ಟು,
ಕಲ್ಲೊಂದರ ವಯಸ್ಸು ಹೇಳುವ ಅದೇ ಗಂಭೀರ ಮುಖದಲ್ಲಿ
"ಈ ಸಲದ ಇಂಧನಕ್ಕೆ ಉಪ್ಪು ಜಾಸ್ತಿ" ಎಂದು
ಕಿಟಕಿಯ ಪಕ್ಕ ಕೂತರು.